ಒದ್ದೆ ಬಟ್ಟೆಯ ಗೇಜು

ಇಲ್ಲಿ ಬರುವ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಾರಿನ ಬಣ್ಣ ಬೂದಿ ಎಂದು ನನ್ನ ನೆನಪು. ನಮ್ಮ ಯಜಮಾನರು ಅದು ಬೆಳ್ಳಿ ಬಣ್ಣ ಎನ್ನುತ್ತಾರೆ. ಅತ್ತೆಯನ್ನು ಕೇಳಿದರೆ, "ಧೂಳಿನ ಬಣ್ಣ ಕಣಮ್ಮ, ನೀವ್ಯಾವತ್ತು ತೊಳ್ದಿದ್ರಿ ಅದನ್ನ?" ಎನ್ನುತ್ತಾರೆ. ಮೂರೂ ನಿಜವಿರಬಹುದು. ಅಂದು ಭಾನುವಾರ ಎಂಬುದು ಮಾತ್ರ ಖಚಿತ, ಏಕೆಂದರೆ ರಾಹುಕಾಲ ನಾಲ್ಕೂವರೆಗೆ ಶುರುವಾಗುವುದು ಭಾನುವಾರವೇ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ನಮ್ಮ ಮೇಷ್ಟ್ರು ಎರಡು ವರ್ಷ ಹೇಳಿಕೊಟ್ಟರು. ಅದಕ್ಕೇ ನನ್ನ ನೆನಪನ್ನು ನಂಬದೆ ದಿನಚರಿ ಬರೆಯುವ ಅಭ್ಯಾಸ ಮಾಡಿಕೊಂಡೆ. ದಿನಚರಿ ಬರೆಯುವವಳೂ ನಾನೇ ಅಲ್ಲವೇ ಎಂಬ ಅನುಮಾನ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು.

ಈಚೆಗೆ ಪೇಪರಿನಲ್ಲಿ, ಪೆಟ್ರೋಲು ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರು ನಮ್ಮ ದೇಶಕ್ಕೂ ಬಂದಿದೆ ಎಂದು ಓದಿದೆ. ಅದರಲ್ಲಿ ಎಷ್ಟು ಇಂಧನ ಉಳಿದಿದೆ ಎಂದು ತೋರಿಸುವ ಗೇಜನ್ನು ಪೂರ್ತಿ ನಂಬುವಂತಿಲ್ಲ ಎಂದೂ ಯಾರೋ ದೂರಿದ್ದರು. ನನಗೆ ನಗು ಬಂತು. ಆ ಸೌಭಾಗ್ಯವನ್ನು ನಾವು ಐದಾರು ವರ್ಷ ಮೊದಲೇ ಅನುಭವಿಸಿ ಮುಗಿಸಿದ್ದೆವು. ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನ ಮಾಲೀಕರು ಅದಕ್ಕೆ ಗ್ಯಾಸ್ ಕಿಟ್ ಹಾಕಿಸಿದ್ದರು. ಮುಂದೆ ಪೆಟ್ರೋಲಿಗೊಂದು ಮುಳ್ಳಿನ ಗೇಜು, ಅದರ ಪಕ್ಕದಲ್ಲಿ ಗ್ಯಾಸಿಗೆಂದು ನಾಲ್ಕು ಹಸಿರು ದೀಪ, ಒಂದು ಕೆಂಪು ದೀಪ. ಹಿಂದೆ ಡಿಕ್ಕಿಯ ತುಂಬ ಅಡ್ಡಲಾಗಿ ಮಲಗಿದ ಗ್ಯಾಸ್ ಟ್ಯಾಂಕು. ಎರಡು ಹೊಟ್ಟೆಯ ಪ್ರಾಣಿಗೆ ಹಸಿವು ಎರಡು ಪಟ್ಟು ತಿಳಿಯಬೇಕಿತ್ತು. ನಮ್ಮದಕ್ಕೆ ಒಂದೂ ತಿಳಿಯುತ್ತಿರಲಿಲ್ಲ. ಗ್ಯಾಸಿನ ದೀಪಗಳು ಏರು ಹತ್ತುವಾಗ ನಾಲ್ಕೂ ಹೊತ್ತಿಕೊಂಡು ಹಬ್ಬ ಮಾಡುತ್ತಿದ್ದವು, ಇಳಿಜಾರು ಬಂದ ಕೂಡಲೇ ಒಂದೊಂದಾಗಿ ಆರಿ ಸೂತಕ ಹಿಡಿಯುತ್ತಿದ್ದವು. ಪೆಟ್ರೋಲಿನ ಮುಳ್ಳು ಮಾತ್ರ ಏರಿಗೂ ಜಗ್ಗದೆ ಇಳಿಜಾರಿಗೂ ಬಗ್ಗದೆ ಸದಾ ಅರ್ಧದಲ್ಲಿ ನಿಂತಿರುತ್ತಿತ್ತು. ನಮ್ಮ ಯಜಮಾನರಿಗೆ ಆ ಮುಳ್ಳಿನ ಸ್ಥಿತಪ್ರಜ್ಞತೆ ಬಹಳ ಹಿಡಿಸಿತ್ತು.

ಇವರ ಕೆಲಸವೇನೆಂದು ಇಲ್ಲಿ ಹೇಳಲೇಬೇಕು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಗೇಜುಗಳನ್ನು ಪರೀಕ್ಷಿಸುವ ವಿಭಾಗ ಇವರದು. ಒತ್ತಡದ ಗೇಜು, ಉಷ್ಣತೆಯ ಗೇಜು, ತೂಕದ ಯಂತ್ರ, ಎಲ್ಲವೂ ಇವರ ಮೇಜಿಗೆ ಬಂದು, ನಿಜ ಹೇಳುತ್ತೇನೆಂದು ರುಜುವಾತು ಮಾಡಿ, ಹಸಿರು ಸ್ಟಿಕ್ಕರ್ ಅಂಟಿಸಿಕೊಂಡು ಹೋಗಬೇಕು. ಸ್ಟಿಕ್ಕರಿನ ಮೇಲೆ ಮುಂದಿನ ಪರೀಕ್ಷೆಯ ಗಡುವು. ಮನೆಯ ಗೋಡೆ ಗಡಿಯಾರಕ್ಕೂ ಅಡಿಗೆಮನೆಯ ತಕ್ಕಡಿಗೂ ಇಂಥ ಸ್ಟಿಕ್ಕರ್ ಇದೆ. ಕಾರು ತಂದ ವಾರವೇ ಪೆಟ್ರೋಲು ಅಳೆದು ಹಾಕಿಸಿ, ಮುಳ್ಳನ್ನು ಪರೀಕ್ಷಿಸಿ, ಅದಕ್ಕೂ ಒಂದು ಅಂಟಿಸಿದರು. ಆಮೇಲೆ ಪೆಟ್ರೋಲ್ ಬಂಕಿನ ಕಡೆ ಹೋಗುವುದನ್ನೇ ಬಿಟ್ಟರು. ಕಾರು ಬೆಳಿಗ್ಗೆ ಶುರುವಾಗುವುದು ಮಾತ್ರ ದಿನವೂ ಪೆಟ್ರೋಲಿನಲ್ಲೇ. "ಅರ್ಧ ಟ್ಯಾಂಕ್ ಇದೆಯಲ್ಲೇ, ಅದು ಆಪತ್ಕಾಲಕ್ಕೆ" ಎನ್ನುವರು. ಗ್ಯಾಸ್ ಹಾಕಿಸುವುದಕ್ಕೂ ಅವರದೇ ಒಂದು ಪದ್ಧತಿ. ಕೆಂಪು ದೀಪ ಬಂದ ಮೇಲೆ ಎರಡು ದಿನ ಅದನ್ನು ಪರೀಕ್ಷಿಸುವುದು, ಮೂರನೆಯ ದಿನ ಊರಾಚೆಯ ಗ್ಯಾಸ್ ಬಂಕಿನಲ್ಲಿ ಆಟೋಗಳ ಹಿಂದೆ ಸಾಲಿನಲ್ಲಿ ನಿಲ್ಲುವುದು. ನಾನು ಎಷ್ಟು ಕಿಲೋಮೀಟರಿಗೆ ಗ್ಯಾಸ್ ಹಾಕಿಸಿದೆವೆಂದು ದಿನಚರಿಯಲ್ಲಿ ಬರೆದಿಡುತ್ತಿದ್ದೆ. "ಯಂತ್ರ ಹೇಳುವಾಗ ಮನುಷ್ಯರು ಯಾಕೆ ಬರೀಬೇಕು?" ಎಂದು ಇವರು ನಗುತ್ತಿದ್ದರು.

ಒಮ್ಮೆ ಗ್ಯಾರೇಜಿನಲ್ಲಿ ಇವರು ಫೋನಿನಲ್ಲಿದ್ದಾಗ, ಆ ಮುಳ್ಳು ಒಳಗೇನು ಮಾಡುತ್ತದೆಂದು ಮೆಕ್ಯಾನಿಕ್ಕನ್ನು ಕೇಳಿದೆ. ತಮಿಳಿನವನು, ನನಗಾಗಿ ಕನ್ನಡಕ್ಕೆ ಇಳಿದ. "ಟ್ಯಾಂಕೊಳಗೆ ಒಂದು ಬುರುಡೆ ತೇಲ್ತದೆ ಮೇಡಂ. ಅದು ಸಿಕ್ಕಾಕ್ಕೊಂಡ್ರೆ ಮುಳ್ಳೂ ಸಿಕ್ಕಾಕ್ಕೊಂತದೆ. ಪೆಟ್ರೋಲ್ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಸಾರ್ ಮುಳ್ಳು ಸರೀಗಿದೆ ಅಂದ್ರು, ಅದಕ್ಕೆ ನಾನು ಕೈ ಹಾಕ್ಲಿಲ್ಲ." ಆ ತೇಲುವ ಬುರುಡೆ ನನಗೆ ಎಷ್ಟು ಇಷ್ಟವಾಯಿತೆಂದರೆ, ದಿನಚರಿಯಲ್ಲಿ ಅದರ ಚಿತ್ರ ಬರೆದೆ. ಇವರಿಗೆ ಹೇಳಿದೆನೇ? ಹೇಳಿದೆ ಎಂದು ನನ್ನ ನೆನಪು. ಹೇಳಲಿಲ್ಲ ಎಂದು ಅವರ ನೆನಪು.

ಮನೆಯಲ್ಲಿ ಇನ್ನೊಂದು ಗೇಜಿತ್ತು, ಅದು ಅತ್ತೆಯದು. ಅತ್ತೆ ಉದ್ದನಪಲ್ಲಿಯವರು, ಓದಿದ್ದು ಮೂರನೆಯ ಕ್ಲಾಸು. ಅಡಿಗೆಮನೆಯ ಸಿಲಿಂಡರಿನಲ್ಲಿ ಎಷ್ಟು ಗ್ಯಾಸಿದೆ ಎಂದು ನೋಡಲು ಅವರು ಒದ್ದೆ ಬಟ್ಟೆಯಿಂದ ಅದನ್ನು ಮೇಲಿಂದ ಕೆಳಗೆ ಒರೆಸುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲಿನ ಭಾಗದ ತೇವ ಆರುತ್ತದೆ, ಗ್ಯಾಸಿರುವ ಭಾಗ ತಣ್ಣಗಿರುವುದರಿಂದ ತೇವ ಉಳಿಯುತ್ತದೆ. ಎರಡರ ನಡುವೆ ಗೆರೆ ಹೊಡೆದಂತೆ ಕಾಣುತ್ತದೆ. ಒಂದು ದಿನ ನೋಡುತ್ತೇನೆ, ಕಾರಿನ ಡಿಕ್ಕಿ ತೆಗೆದು ಅಲ್ಲಿನ ಟ್ಯಾಂಕನ್ನೂ ಒರೆಸುತ್ತಿದ್ದಾರೆ! ಇವರು ಓಡಿಬಂದರು.

"ಅವ್ವಾ, ಅದು ಅಡಿಗೆಮನೆ ಸಿಲಿಂಡರ್ ಅಲ್ಲ!"

"ಗ್ಯಾಸು ಗ್ಯಾಸೇ ಕಣ್ಲಾ ನಾಗ. ಅಡಿಗೆಮನೇಲಿದ್ರೇನು, ಕಾರಾಗಿದ್ರೇನು? ನಿನ್ ದೀಪ ಏನಂತೈತೆ?"

"ಮೂರು. ಮುಕ್ಕಾಲು ಭಾಗ."

"ಗೆರೆ ಬುಡದಾಗೈತೆ. ಸಂಜೆ ಒಳಗೆ ನಿಂತೋಯ್ತದೆ ನೋಡು."

ಸಂಜೆ ಗಾಡಿ ಬಸ್‌ಸ್ಟ್ಯಾಂಡಿನ ಮುಂದೆ ನಿಂತೇಹೋಯಿತು. ಆಪತ್ಕಾಲದ ಪೆಟ್ರೋಲನ್ನು ಇಷ್ಟಕ್ಕೆಲ್ಲ ಮುಟ್ಟಬಾರದೆಂದು ಇವರು ಹಟ ಹಿಡಿದದ್ದರಿಂದ ಅವತ್ತು ಯಾರೋ ನೂಕಿ ಗ್ಯಾಸ್ ಬಂಕಿಗೆ ಮುಟ್ಟಿಸಿದರು. ಅಂದಿನಿಂದ ಅತ್ತೆ ದಿನವೂ ಬೆಳಿಗ್ಗೆ ದೇವರ ದೀಪ ಹಚ್ಚಿ, ಆಮೇಲೆ ಡಿಕ್ಕಿ ಒರೆಸತೊಡಗಿದರು. ಅವರು ಹೇಳಿದ್ದು ಒಮ್ಮೆಯೂ ತಪ್ಪಾಗಲಿಲ್ಲ. ಇವರು ಅದನ್ನು ಕಾಕತಾಳೀಯ ಎಂದು ಕರೆಯುತ್ತಿದ್ದರು. ಕಾಕತಾಳೀಯಕ್ಕೆ ಸ್ಟಿಕ್ಕರ್ ಅಂಟಿಸುವ ಪದ್ಧತಿ ಅವರ ವಿಭಾಗದಲ್ಲಿಲ್ಲ.

ಇನ್ನು ಆ ಭಾನುವಾರ. ನನ್ನ ನಾದಿನಿ ಭಾಗ್ಯಳಿಗೆ ರಾಯಕೋಟೆಯ ಆಚೆಯ ಒಂದು ಊರಿನಿಂದ ಸಂಬಂಧ ಬಂದಿತ್ತು. ತಂದವರು ಇವರ ದೊಡ್ಡಪ್ಪ. ಮಾವ ತೀರಿಕೊಂಡ ಮೇಲೆ ಈ ಮನೆಯನ್ನು ನಿಲ್ಲಿಸಿದವರು ಅವರೇ, ಆದ್ದರಿಂದ ಅವರ ಮಾತಿಗೆ ಇಲ್ಲವೆನ್ನುವ ನಾಲಿಗೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹುಡುಗ ಒಳ್ಳೆಯವನೇ. ಆದರೆ ಹುಡುಗಿ ಮದುವೆಯಾದ ಮೇಲೆ ಕೆಲಸಕ್ಕೆ ಹೋಗಕೂಡದು ಎಂಬುದು ಅವರ ಮನೆಯ ಷರತ್ತು. ಭಾಗ್ಯ ಒಂದು ಕಾರ್ಖಾನೆಯಲ್ಲಿ ಭೂತಗನ್ನಡಿ ಇಟ್ಟುಕೊಂಡು ಸಣ್ಣ ಸಣ್ಣ ಭಾಗಗಳನ್ನು ಜೋಡಿಸುತ್ತಿದ್ದಳು. ಇನ್ನೆರಡು ತಿಂಗಳಿಗೆ ಲೈನ್ ಲೀಡರ್ ಆಗುವ ಮಾತಿತ್ತು. ಅವಳನ್ನು ಕೇಳಿದ್ದಕ್ಕೆ "ನಿಮ್ಮಿಷ್ಟ" ಎಂದಳು. ಶನಿವಾರ ಸಂಜೆ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತ ಕೂತಿದ್ದಳು.

"ಬಿಟ್ಬಿಡೋ ಕೆಲಸಕ್ಕೆ ಯಾಕಮ್ಮಿ ಇಸ್ತ್ರಿ?" ಎಂದರು ಅತ್ತೆ.

"ಬಿಡೋವರ್ಗೂ ಹೋಗ್ಬೇಕಲ್ಲವ್ವ."

ಕಾಲರಿನ ಒಂದೇ ಜಾಗದ ಮೇಲೆ ಇಸ್ತ್ರಿಪೆಟ್ಟಿಗೆ ನಾಲ್ಕೈದು ಸಲ ಓಡಾಡಿತು. ಅತ್ತೆ ಅದನ್ನು ನೋಡುತ್ತ ನಿಂತಿದ್ದರು, ನಾನು ಅತ್ತೆಯನ್ನು ನೋಡುತ್ತ ನಿಂತಿದ್ದೆ.

ಮರುದಿನ ಹುಡುಗನ ಮನೆಗೆ ಹೋಗಿ, ರಾಹುಕಾಲಕ್ಕೆ ಮೊದಲು ತಾಂಬೂಲದ ತಟ್ಟೆ ಬದಲಾಯಿಸಿ ಮಾತು ಗಟ್ಟಿಮಾಡಬೇಕಿತ್ತು. ದೊಡ್ಡಪ್ಪ ಮೊದಲೇ ಅಲ್ಲಿಗೆ ಹೋಗಿದ್ದರು. ನಾವು ಮೂವರು, ನಾನು, ಇವರು, ಅತ್ತೆ, ಎರಡು ಗಂಟೆಗೆ ಹೊರಟೆವು. ಬೆಳಿಗ್ಗೆ ಅತ್ತೆ ಎಂದಿನಂತೆ ಡಿಕ್ಕಿ ಒರೆಸಿದ್ದರು. "ಎಷ್ಟಿದೆಯವ್ವ?" ಎಂದು ಇವರು ತಮಾಷೆಗೆ ಕೇಳಿದರು. ಅತ್ತೆ ಬಟ್ಟೆ ಹಿಂಡುತ್ತ, "ನಿನ್ ದೀಪ ಐತಲ್ಲ, ಅದನ್ನೇ ಕೇಳು" ಎಂದರು. ದೀಪ ಮೂರು ಎಂದಿತು.

ಉದ್ದನಪಲ್ಲಿ ದಾಟಿ ಒಂದು ಮೈಲಿ ಹೋಗಿರಬಹುದು, ಕಾರು ಎರಡು ಸಲ ಬಿಕ್ಕಳಿಸಿ ನಿಂತಿತು. "ಹೆದರ್ಕೋಬೇಡಿ, ಪೆಟ್ರೋಲ್ ಇದೆ" ಎಂದು ಇವರು ಗಂಭೀರವಾಗಿ ಸ್ವಿಚ್ಚು ಬದಲಾಯಿಸಿದರು. ಎಂಜಿನ್ನು ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಅದೂ ಇಲ್ಲ. ಇಳಿದು ಬಾನೆಟ್ ಎತ್ತಿದರು. ಪ್ಲಗ್ ಬಿಚ್ಚಿ ಒರೆಸಿದರು, ಏರ್ ಫಿಲ್ಟರ್ ತೆಗೆದು ಊದಿದರು, ಬ್ಯಾಟರಿಯ ವೈರು ಅಲ್ಲಾಡಿಸಿದರು. ಕಾರಿನಲ್ಲಿ ಬರಬಹುದಾದ ಎಲ್ಲ ರೋಗಗಳನ್ನೂ ಅನುಮಾನಿಸಿದರು, ಹಸಿವೊಂದನ್ನು ಬಿಟ್ಟು.

"ಪೆಟ್ರೋಲೇ ಇಲ್ವೇನೋ ಅಂತ..." ಎಂದೆ.

"ಅರ್ಧ ಟ್ಯಾಂಕ್ ತೋರಿಸ್ತಾ ಇದೆಯಲ್ಲೇ!"

"ರೀ, ಆ ಸ್ಟಿಕ್ಕರಿನ ಗಡುವು ಮುಗಿದಿದೆ."

ಬಗ್ಗಿ ನೋಡಿದರು. ಮುಗಿದು ಎರಡು ತಿಂಗಳಾಗಿತ್ತು. ಕಾರ್ಖಾನೆಯಲ್ಲಿ ಹೀಗಾಗಿದ್ದರೆ ಯಾರಿಗೋ ಮೆಮೊ ಹೋಗುತ್ತಿತ್ತು. ಇಲ್ಲಿ ಮೆಮೊ ಕೊಡುವವರೂ ತೆಗೆದುಕೊಳ್ಳುವವರೂ ಒಬ್ಬರೇ ಆದ್ದರಿಂದ ಅವರು ಮತ್ತೆ ಏರ್ ಫಿಲ್ಟರ್ ಊದಲು ಹೋದರು.

ಅತ್ತೆ ರಸ್ತೆ ಬದಿಯ ಹುಣಸೆಮರದ ಕೆಳಗೆ ಕೂತಿದ್ದರು, ಮಡಿಲಲ್ಲಿ ತಾಂಬೂಲದ ತಟ್ಟೆ. ಸುತ್ತ ಅವರ ತವರಿನ ಹೊಲಗಳು. ಕೂಗಿದರೆ ಯಾರಾದರೂ ನೆಂಟರು ಓಡಿಬರುವಷ್ಟು ಹತ್ತಿರ. ಅವರು ಕೂಗಲಿಲ್ಲ. ಗಂಟೆ ಮೂರೂವರೆ ಆಗಿರಬೇಕು, ಇನ್ನೂ ಕಾಲ ಮಿಂಚಿರಲಿಲ್ಲ. ಅತ್ತೆ ತಟ್ಟೆಯಿಂದ ಒಂದು ಬಾಳೆಹಣ್ಣು ಕಿತ್ತು, ನಿಧಾನವಾಗಿ ಸುಲಿದು ತಿನ್ನತೊಡಗಿದರು. ಬೀಗರ ಕೈಗೆ ಕೊಡಬೇಕಾದ ಹಣ್ಣು! ನಾನು ಬಾಯಿ ತೆರೆದೆ. ಅವರು ಇನ್ನೊಂದು ಹಣ್ಣು ಕಿತ್ತು ನನಗೆ ಕೊಟ್ಟರು. ಬಿಸಿಲು ಜೋರಾಗಿತ್ತು, ತಿಂದೆ.

ನಾಲ್ಕು ದಾಟಿದ ಮೇಲೆ ಮೊಪೆಡ್ಡಿನಲ್ಲಿ ಹೋಗುತ್ತಿದ್ದ ರೈತರೊಬ್ಬರು ನಿಂತರು. ಕಾರಿನ ಹಿಂಭಾಗವನ್ನು ಎರಡು ಸಲ ಜೋರಾಗಿ ಅಲ್ಲಾಡಿಸಿ ಕಿವಿಗೊಟ್ಟರು. "ಏನೂ ಕುಲುಕ್ತಾನೇ ಇಲ್ವಲ್ಲ ಸಾಮಿ! ಎಣ್ಣೆ ಇಲ್ದೆ ಎತ್ಲಾಗೆ ಹೊಂಟ್ರಿ? ಇರಿ, ಬಾಟ್ಲಿಯಾಗೆ ತತ್ತೀನಿ" ಎಂದು ಹೋದರು. ಅವರು ಬಾಟಲಿ ಹಿಡಿದು ಬರುವಷ್ಟರಲ್ಲಿ ಐದು ಗಂಟೆ. ನಾಲ್ಕೂವರೆಗೇ ಗಾಡಿ ನಿಂತ ಸುದ್ದಿ ಮುಟ್ಟಿಸಿದ್ದ ಇವರು ದೊಡ್ಡಪ್ಪನಿಗೆ ಮತ್ತೆ ಫೋನ್ ಮಾಡಿದರು. ಹುಡುಗನ ತಾತ, ಹೊರಟ ಗಾಡಿ ದಾರಿಯಲ್ಲೇ ನಿಂತ ಮೇಲೆ ಈ ಕಾರ್ಯ ಬೇಡವೆಂದು ಎದ್ದುಹೋದರಂತೆ. "ಇದು ಇಲ್ಲಿಗೇ ಸಾಕು ಬಿಡ್ರಪ್ಪ" ಎಂದು ದೊಡ್ಡಪ್ಪನೇ ಹೇಳಿದರು. ನಮ್ಮಲ್ಲಿ ಯಾರೂ ಬೇಡವೆನ್ನದೆ ಸಂಬಂಧ ಬೇಡವಾಯಿತು. ಇವರು ಮುಖ ಬಾಡಿಸಿಕೊಂಡು ಕಾರು ತಿರುಗಿಸಿದರು. ಸೋಮವಾರ ಭಾಗ್ಯ ಕಂಪನಿ ಬಸ್ಸಿಗೆ ಓಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅಂದರೆ, ಆ ನೆನಪು ಚೆನ್ನಾಗಿದೆ. ಈಗ ಅವಳು ಲೈನ್ ಲೀಡರು. ಅವಳ ಸಂಬಳದ ಮೇಲೆ ಕಣ್ಣಿಡದೆ, ಅವಳ ಪಾಳಿಗೆ ತನ್ನ ಅಡಿಗೆಯ ವೇಳೆ ಹೊಂದಿಸಿಕೊಳ್ಳುವ ಗಂಡನೂ ಸಿಕ್ಕಿದ್ದಾನೆ.

ಇಷ್ಟು ವರ್ಷ ಈ ಕತೆಯನ್ನು ನಾನು ಇವರ ಸ್ಟಿಕ್ಕರಿನ ಕತೆಯೆಂದೇ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಹೈಬ್ರಿಡ್ ಕಾರಿನ ಸುದ್ದಿ ಓದಿದ ದಿನ, ಬರೆಯೋಣವೆಂದು ಹಳೆಯ ದಿನಚರಿ ತೆಗೆದೆ. ಆ ಶನಿವಾರದ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ: "ಗ್ಯಾಸ್ ಹಾಕಿಸಿ ಇನ್ನೂರ ಎಪ್ಪತ್ತೈದು ಕಿ.ಮೀ. ಆಯಿತು. ಪೆಟ್ರೋಲ್ ಹಾಕಿಸಿ ಎಷ್ಟು ದಿನವಾಯಿತೋ, ಆ ಬುರುಡೆ ಸಿಕ್ಕಿಕೊಂಡಿದೆಯೋ ಏನೋ. ಬೆಳಿಗ್ಗೆ ಹೇಳಬೇಕು." ತುಂಬಿದ ಟ್ಯಾಂಕಿಗೆ ಮುನ್ನೂರು ದಾಟಿ ನಮ್ಮ ಕಾರು ಯಾವತ್ತೂ ಓಡಿರಲಿಲ್ಲ. ಬೆಳಿಗ್ಗೆ ನಾನು ಹೇಳಲಿಲ್ಲ. ಮರೆತೆ ಎಂದುಕೊಂಡಿದ್ದೇನೆ. ಮರೆವಿನ ಮೇಲೆ ಸ್ಟಿಕ್ಕರ್ ಅಂಟಿಸುವವರು ಯಾರು?

ಪುಸ್ತಕ ಹಿಡಿದುಕೊಂಡೇ ಅಡಿಗೆಮನೆಗೆ ಹೋದೆ. ಅತ್ತೆ ಸಿಲಿಂಡರ್ ಒರೆಸುತ್ತಿದ್ದರು. ಅವರಿಗೆ ಕಣ್ಣು ಮಂಜು, ಈಗ ಗೆರೆಯನ್ನು ಬೆರಳಿನಿಂದ ಸವರಿ ಹುಡುಕುತ್ತಾರೆ. ಅವರು ತಲೆಯೆತ್ತಿ ಮೊದಲು ನನ್ನ ಕೈಯ ಪುಸ್ತಕವನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಪುಸ್ತಕವನ್ನು ಸೆರಗಿನೊಳಗೆ ಸರಿಸಿಕೊಂಡು ಕೇಳಿದೆ. ಅವರು ಬಟ್ಟೆ ಹಿಂಡಿ ಹರವಿದರು, ಅವರೆಕಾಯಿ ಸುಲಿಯಲು ಮೊರದ ಅರ್ಧ ನನ್ನ ಕಡೆ ತಳ್ಳಿದರು, ನಾನೂ ಸುಲಿಯುತ್ತ ಕೂತೆ. ಕೇಳಿದ್ದು ಇಷ್ಟೇ: "ಅವತ್ತು ಬೆಳಿಗ್ಗೆ ಗೆರೆ ಎಲ್ಲಿತ್ತು ಅತ್ತೆ?"