ಮಾಯಪ್ಪನ ರಕ್ತ ಕಡಿಮಿ ಆಗಿದ್ದು

ಆ ಡಬ್ಬಿ ಸದ್ದು ಮಾಡದೆ ಬಂದಿದ್ದರೆ ಗುಂಜಿ ಊರಿನ ಗಿರಣಿ ಮಾಯಪ್ಪ ಇವತ್ತಿಗೂ ಗಟ್ಟಿಮುಟ್ಟಾದ ಮನುಷ್ಯನೇ ಆಗಿರುತ್ತಿದ್ದ.

ಅಂಗೈಯಷ್ಟು, ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿ. ಒಳಗೆ ಮೂವತ್ತು ಕೆಂಪು ಗುಳಿಗೆ. ಬೆಳಗಾವಿ ಆಸ್ಪತ್ರೆಯ ಡಾಕ್ಟರ್ ಬಾಯಾರು ಅದನ್ನು ಅವನ ಕೈಗಿಟ್ಟು, "ಬಸರಿ ಹೆಣ್ಣುಮಕ್ಕಳಿಗೆ ಬೇಕಾದ ಕಬ್ಬಿಣ, ಅಯೋಡಿನ್, ಜೀವಸತ್ವ ಎಲ್ಲಾ ಇದೊಂದರಾಗ ಅದಾವ. ನಿಮ್ಮ ಕಡೆ ಇನ್ನೂ ಸಿಗೂದಿಲ್ಲ, ತಿಂಗಳಾ ಇಲ್ಲೇ ಬಂದು ಒಯ್ರಿ. ಪ್ರಮಿಳಾಗ ದಿನಕ್ಕೊಂದು. ಒಂದು ದಿನಾನೂ ತಪ್ಪಸಬ್ಯಾಡ್ರಿ" ಎಂದಿದ್ದರು.

ತಪ್ಪಿಸುವ ಮಾತೇ ಇರಲಿಲ್ಲ. ಹೋದ ವರ್ಷ ನಾಲ್ಕನೇ ತಿಂಗಳಲ್ಲಿ ಬಸಿರು ಇಳಿದುಹೋದಾಗ ಅವನ ಹೆಂಡತಿ ಪ್ರಮಿಳಾ ಹದಿನೈದು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅದಕ್ಕೇ ಈ ಸಲ ಅವನ ಅವ್ವ ಕಾಡವ್ವ ಮೊದಲೇ ಆಣೆ ಹಾಕಿಸಿದ್ದಳು: "ಐದು ತಿಂಗಳು ತುಂಬೂ ಮಟಾ ಒಂದು ನರಪಿಳ್ಳಿಗೂ ಗೊತ್ತಾಗಬಾರದು. ದೃಷ್ಟಿ ತಾಗತೈತಿ. ಬಾಯಿ ಬಿಟ್ಟಿ ಅಂದ್ರ ನಾ ನಿನ್ನ ಅವ್ವನ ಅಲ್ಲ."

ಡಬ್ಬಿಯ ಮೇಲೆ ದುಂಡು ಹೊಟ್ಟೆಯ ಹೆಂಗಸಿನ ಚಿತ್ರವಿತ್ತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಮಾಯಪ್ಪ ಅದನ್ನು ಉಗುರಿನಿಂದ ಪೂರ್ತಿ ಕೆರೆದು ತೆಗೆದ. ಆದರೆ ಗುಳಿಗೆಗಳ ಬಾಯಿ ಮುಚ್ಚಿಸುವುದು ಹೊಳೆಯಲಿಲ್ಲ. ಖಾನಾಪುರದ ಬಸ್ಸು ಮೊದಲ ತಗ್ಗಿಗೆ ಬಿದ್ದದ್ದೇ ತಡ, ಅವನ ಅಂಗಿ ಕಿಸೆ ಎತ್ತಿನ ಕೊರಳಿನ ಗೆಜ್ಜೆಯಂತೆ ಗಲಗಲ ಎಂದಿತು.

ಬಾಜು ಸೀಟಿನಲ್ಲಿ ಎದುರು ಮನೆಯ ದುಂಡಪ್ಪ ಕೂತಿದ್ದ. ಊರಲ್ಲಿ ಯಾರ ಮನೆಯ ಬೆಕ್ಕು ಮರಿ ಹಾಕಿದರೂ ಬೆಕ್ಕಿಗಿಂತ ಮೊದಲು ಅವನಿಗೆ ಗೊತ್ತು. ಯಾಕೋ ಇವತ್ತು ತನ್ನ ಕರಿ ಕೋಟಿನ ಕಿಸೆಯನ್ನು ಒತ್ತಿ ಹಿಡಿದುಕೊಂಡಿದ್ದ.

"ಏನಲೇ ಅದು, ಎದಿಯಾಗ ಗಿರಣಿ ಇಟಗೊಂಡಿ ಏನು?"

"ಗುಳಿಗಿ, ಕಾಕಾ."

"ಯಾರಿಗೆ?"

ಹೆಂಡತಿಗೆ ಎಂದರೆ ಮುಂದಿನ ಪ್ರಶ್ನೆ ಯಾಕೆ ಎಂಬುದು. ಅವ್ವನಿಗೆ ಎಂದರೆ ಇವನು ನೇರ ಅವಳನ್ನೇ ಕೇಳುವ ಮನುಷ್ಯ. "ನನಗ" ಎಂದುಬಿಟ್ಟ ಮಾಯಪ್ಪ. "ರಕ್ತ ಕಡಿಮಿ ಐತಂತ."

"ರಕ್ತ ಕಡಿಮಿ!" ಇಡೀ ಬಸ್ಸಿಗೆ ಕೇಳುವಂತೆ ಕೂಗಿದ ದುಂಡಪ್ಪ. "ಇವತ್ತಿಂದು ನುಂಗೀಯೇನು? ಇಲ್ಲಾ? ಹುಚ್ಚ ಅದಿ ಏನು? ಯವ್ವಾ, ಯಾರರ ನೀರು ಕೊಡ್ರಿ!"

ಹಿಂದಿನ ಸೀಟಿನಿಂದ ನೀರಿನ ಬಾಟಲಿ ಬಂತು. ಇಪ್ಪತ್ತು ಕಣ್ಣು ನೋಡುತ್ತಿರುವಾಗ ಮಾಯಪ್ಪ ಹೆಂಡತಿಯ ಒಂದು ದಿನದ ಗುಳಿಗೆಯನ್ನು ತಾನು ನುಂಗಿದ. ಇನ್ನು ಇಪ್ಪತ್ತೊಂಬತ್ತೇ.

ಖಾನಾಪುರದಲ್ಲಿ ಬಸ್ಸು ಬದಲಿಸಿ ಊರು ಮುಟ್ಟುವುದರೊಳಗೆ ದುಂಡಪ್ಪನ ಫೋನು ತನ್ನ ಕೆಲಸ ಮುಗಿಸಿತ್ತು. ಮಾಯಪ್ಪನ ಮನೆ ಮುಂದೆ ಜಾತ್ರೆಯಷ್ಟು ಜನ. ಕಾಡವ್ವ ನಡುವೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಗುಳಿಗೆ ಯಾರಿಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎಷ್ಟು ಚಂದ ಅತ್ತಳೆಂದರೆ, ತನಗೆ ಖರೇನೇ ಏನೋ ಆಗಿದೆಯೋ ಎಂದು ಮಾಯಪ್ಪನೇ ಒಮ್ಮೆ ನಾಡಿ ಮುಟ್ಟಿ ನೋಡಿಕೊಂಡ. ಬಾಗಿಲ ಸಂದಿಯಲ್ಲಿ ಪ್ರಮಿಳಾ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದಳು.

"ಮಾರಿ ನೋಡ್ರಿ, ಸುಣ್ಣ ಹೊಡದಂಗ ಆಗೇತಿ."

"ಅದು ಗಿರಣಿ ಹಿಟ್ಟು!" ಎಂದು ಒದರಿದ ಮಾಯಪ್ಪ. "ನನಗೇನೂ ಆಗಿಲ್ಲ! ಎಲ್ಲಾರೂ ಮನಿಗೆ ನಡೀರಿ!"

"ಪಾಪ, ರಕ್ತ ಕಡಿಮಿ ಆದ್ರ ಸಿಟ್ಟೂ ಹೆಚ್ಚಾಗತೈತಂತ."

ಹೊರಸು ಹಾಕಿ ಅವನನ್ನು ಕೆಡವಿ ಮಲಗಿಸಿದರು. ಒಬ್ಬರು ಖರ್ಜೂರ ತಂದರು, ಒಬ್ಬರು ರಾಜಗಿರಿ ಸೊಪ್ಪು, ಒಬ್ಬರು ಡಜನ್ ತತ್ತಿ. ಹಿತ್ತಲ ಮನೆಯ ಗೌರವ್ವ ಡಬರಿ ತುಂಬ ಅಂಟಿನುಂಡಿ ತಂದಳು. "ಬಾಣಂತಿಗೆ ಮಾಡೂದು. ಗಂಡಸರು ತಿಂದ್ರೂ ನಡೀತೈತಿ."

ಆಗ ಯಾರೋ, "ನಮ್ಮ ಮುಂದ ಒಂದು ಗುಳಿಗಿ ನುಂಗಲಿ, ಸಮಾಧಾನ ಆಗತೈತಿ" ಎಂದರು. ಮಾಯಪ್ಪ ಡಬ್ಬಿಯನ್ನು ಎರಡೂ ಕೈಯಿಂದ ಅವಚಿಕೊಂಡ. ಇನ್ನೊಂದು ಕೊಡುವುದು ಆಗದ ಮಾತು. ಆಣೆ ಮುರಿದರೂ ಚಿಂತೆಯಿಲ್ಲ, ಇವು ಪ್ರಮಿಳಾಳವು ಎಂದು ಹೇಳಿಯೇಬಿಡುತ್ತೇನೆಂದು ಬಾಯಿ ತೆರೆದ.

"ಉಂಡ ಮ್ಯಾಲ ನುಂಗಾಕ ಹೇಳಿರ್ತಾರ, ಬಿಡ್ರೆವಾ!" ಎಂದು ಗೌರವ್ವ ಅಡ್ಡ ಬಂದಳು. "ಏಳ್ರಿ, ರೋಗಿ ಮಕ್ಕೊಳ್ಳಲಿ."

ಜನ ಕರಗಿದರು. ಪ್ರಮಿಳಾ ಹೊರಗೆ ಬಂದು ಒಂದು ಅಂಟಿನುಂಡಿ ತಿಂದಳು. ಎರಡು ವಾರದಿಂದ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದವಳು ಇನ್ನೊಂದು ತಿಂದಳು. ಗುಳಿಗೆಯನ್ನೂ ನುಂಗಿ, "ಊರ ಮಂದಿ ಭಾಳ ಚಲೋ ಅದಾರ್ರೀ" ಎಂದಳು. ಮಾಯಪ್ಪನ ಸಿಟ್ಟು ಹಾಲಿನ ನೊರೆಯಂತೆ ಇಳಿಯಿತು. ಕಣ್ಣು ಒರೆಸಿಕೊಂಡು, "ಒಂದು ಗುಳಿಗಿ ನಾ ತಿಂದೀನಿ. ಮುಂದಿನ ಸಲ ಒಂದು ದಿನ ಮೊದಲ ಹೋಗಿ ತರ್ತೀನಿ" ಎಂದ. ಎರಡು ದಿನ ಮಲಗಿ ಎದ್ದರೆ ಊರೂ ಮರೆಯುತ್ತದೆ, ರೋಗವೂ ಮುಗಿಯುತ್ತದೆ ಎಂದುಕೊಂಡ.

ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಿಂದ ಗೌರವ್ವ ಮತ್ತೆ ಬಂದಳು. ಸೆರಗಿನ ಒಳಗಿಂದ ತಾಯಿ ಕಾರ್ಡು ತೆಗೆದಳು.

"ನನ್ನ ಸೊಸಿ ಸೃಷ್ಟಿದು. ಎರಡು ತಿಂಗಳು. ಬೆಳಗಾವಿ ವಡಗಾವ್ಯಾಗ ನನ್ನ ಮಗಳೂ ಇದನ್ನ ತಗೋತಾಳು, ಕೆಂಪು ಗುಳಿಗಿ ನೋಡಿದ ಕೂಡ್ಲೆ ಗೊತ್ತಾತು. ನಮಗೂ ಒಂದು ಡಬ್ಬಿ ತಾರಪಾ. ನಾವು ತರಾಕ ಹೋದ್ರ ಊರಿಗೆಲ್ಲಾ ಗೊತ್ತಾಗತೈತಿ."

ಮಾಯಪ್ಪ ಬಾಯಿ ತೆರೆಯುವುದರೊಳಗೆ ಮುಂಬಾಗಿಲಲ್ಲಿ ಕೆಮ್ಮು ಕೇಳಿಸಿತು. ದುಂಡಪ್ಪ. ಕರಿ ಕೋಟಿನ ಕಿಸೆಯಿಂದ ಅವನೂ ಒಂದು ಕಾರ್ಡು ತೆಗೆದ.

"ನನ್ನ ಸೊಸೀದು. ಆಸ್ಪತ್ರಿ ಗೇಟಿನ ಮುಂದ ಮೂರು ಸುತ್ತು ಹೊಡದೆ, ತಮ್ಮಾ. ಒಳಗ ಹೋಗಾಕ ಧೈರ್ಯ ಆಗಲಿಲ್ಲ. ಅಷ್ಟರಾಗ ನೀ ಡಬ್ಬಿ ಹಿಡಕೊಂಡು ಹೊರಗ ಬಂದಿ."

"ಅಂದ್ರ ಯಾರಿಗಂತ ಗೊತ್ತಿತ್ತು? ಗೊತ್ತಿದ್ದೂ ನನಗ ನುಂಗಿಸಿದಿ?"

"ನುಂಗದಿದ್ರ ಹಿಂದಿನ ಸೀಟಿನವರು ನಂಬತಿದ್ರೇನು? ಈಗ ನೋಡು, ನೀ ನಾಕು ಡಬ್ಬಿ ತಂದ್ರೂ ಯಾರೂ ಕೇಳಂಗಿಲ್ಲ. ರೋಗ ಜೋರ ಆಗೇತಿ ಅಂತಾರ, ಅಷ್ಟ."

ಮಾಯಪ್ಪ ಅವ್ವನ ಕಡೆ ತಿರುಗಿದ. "ಹಂಗಾರ ನಾ ಆರಾಮ ಆಗೂದು ಯಾವಾಗ?"

ಕಾಡವ್ವ ಎರಡೂ ಕಾರ್ಡನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಳು. "ಈ ಊರಿಗೆ ಸೊಸ್ತೇರು ಬರೂದು ನಿಂತ ಮ್ಯಾಲ."

ಅಷ್ಟರಲ್ಲಿ ಅಂಗಳದಲ್ಲಿ ಮತ್ತಾರದೋ ಹೆಜ್ಜೆ ಸಪ್ಪಳವಾಯಿತು. ಮಾಯಪ್ಪ ಹೊರಸಿನ ಮೇಲೆ ಬಿದ್ದು, ಕೌದಿ ಹೊದ್ದು, ನರಳತೊಡಗಿದ.