ಮಾವನವರೂ ಕರಿ ಹೇನೂ

ಜರ್ಮನಿಗೆ ಬಂದ ಮೇಲೆ ನಾನು ಬೆಚ್ಚಿಬಿದ್ದಷ್ಟು ಸಲ ಬೇರೆಲ್ಲೂ ಬಿದ್ದಿಲ್ಲ. ಮಾವನವರು ಬೇಸಿಗೆಗೆ ಬಂದ ಮೇಲಂತೂ ಬೀಳೋ ಸರದಿ ನಾವಿರೋ ಇಡೀ ಬೊಬ್ಲಿಂಗೆನ್ ಊರಿಗೇ ಬಂತು.

ಅವರು ಕಲಬುರಗಿ ಕಡೆ ತೊಗರಿ ಬೆಳೆಯೋರು. ನಮ್ಮದು ಇಲ್ಲಿ ಕ್ಲೈನ್‌ಗಾರ್ಟನ್, ಅಂದ್ರೆ ಊರಾಚೆ ಒಂದು ಸಂಘ ಬಾಡಿಗೆಗೆ ಕೊಡೋ ಅಂಗೈಯಗಲದ ತೋಟ. ಅದಕ್ಕೆ ವರ್ಷಗಟ್ಟಲೆ ಕಾದಿದ್ದೆ. ಕೀಟನಾಶಕ ಹೊಡೆದರೆ ತೋಟ ವಾಪಸ್, ಮಾತೇ ಇಲ್ಲ.

ಯಾರ ತೋಟ?

ಮೊದಲ ದಿನವೇ ಮಾವ ನನ್ನ ದಪ್ಪ ಬೀನ್ಸ್ ಗಿಡ ನೋಡಿದರು. ಹೆಚ್ಚುಕಮ್ಮಿ ನಮ್ಮ ಅವರೆ ಥರದ್ದೇ. ಕುಡಿ ತುಂಬಾ ಗಿಡದ ರಸ ಹೀರೋ ಕರಿ ಹೇನು.

"ಯಾವ ಎಣ್ಣಿ ಹೊಡಿತೀರವ್ವಾ?" ಅಂದರು. ಅವರ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೆಸರು.

"ಏನೂ ಹೊಡೆಯೋ ಹಾಗಿಲ್ಲ ಮಾವ. ಇಲ್ಲಿ ರೂಲ್ಸು."

ಮಾವ ಬಗ್ಗಿ ಒಂದು ಕುಡಿ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಹಂಗಾದ್ರ ಈ ತ್ವಾಟ ನಿಮ್ದೋ, ಹುಳದ್ದೋ?"

ಡಬ್ಬಿ ತುಂಬ ಔಷಧಿ

ಏನಾದರೂ ಕೊಡಿಸಲೇಬೇಕು ಅಂತ ಹಟ ಹಿಡಿದರು. ಗಿಡ ಮಾರೋ ದೊಡ್ಡ ಅಂಗಡಿಗೆ ಕರ್ಕೊಂಡು ಹೋದೆ. ಕರಿ ಹೇನಿಗೆ ಏನಾದರೂ ಇದೆಯಾ ಅಂದದ್ದಕ್ಕೆ ಅಲ್ಲಿನ ಹೆಂಗಸು ನಗುನಗುತ್ತಾ ಒಂದು ಡಬ್ಬಿ ಕೊಟ್ಟಳು. ಮಾವ ಖುಷಿಯಾಗಿ ಮುಚ್ಚಳ ತೆಗೆದರು. ಒಳಗೆ ಮಿಜಿಮಿಜಿ ಅಂತ ಹುಳ!

"ಕೆಂಪು ಮೈಮೇಲೆ ಕರಿ ಚುಕ್ಕಿ ಇರುತ್ತಲ್ಲ, ಆ ಗುಲಗಂಜಿ ಹುಳದ ಮರಿ ಮಾವ. ಇವು ಹೇನು ತಿಂತಾವೆ," ಅಂದೆ.

ಡಬ್ಬಿ ಕೈಯಿಂದ ಬೀಳೋದೊಂದು ಬಾಕಿ. "ಏ ಯವ್ವಾ! ನಾವು ಹುಳ ಹೋಗ್ಲಿ ಅಂತ ರೊಕ್ಕ ಕೊಡ್ತೀವಿ. ಈ ಮಂದಿ ಬರ್ಲಿ ಅಂತ ಕೊಡ್ತಾರ!"

ರುಚಿ ನೋಡಿದ ಅಧ್ಯಕ್ಷರು

ಭಾನುವಾರ ನಾನು ಮಧ್ಯಾಹ್ನದ ಬುತ್ತಿ ತಗೊಂಡು ತೋಟಕ್ಕೆ ಹೋಗ್ತೀನಿ, ಅಯ್ಯೋ ದೇವರೇ! ಮಾವ ಬಾಯಿಗೆ ಟವೆಲ್ ಸುತ್ತಿಕೊಂಡು ಅವತ್ತು ಅಂಗಡಿಯಲ್ಲಿ ಹುಳದ ಬದಲು ಕೊಂಡಿದ್ದ ಹೊಸ ಸ್ಪ್ರೇಯರ್ ಹಿಡಿದು ಗಿಡಗಳಿಗೆ ಹೊಡೀತಿದ್ದಾರೆ. ಗಾಳಿ ಬೇರೆ. ಪಕ್ಕದ ತೋಟದ ಅಜ್ಜಿ ಕೆಮ್ಮಿದಳು, ಆಚೆ ತೋಟದವನು ಸೀನಿದ, ಅವನ ನಾಯಿಯೂ ಸೀನಿತು.

ಸಂಘದ ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಾ ಓಡಿ ಬಂದರು. "ವಿಷ ಹೊಡೀತಿದ್ದೀರಾ? ತೋಟ ಖಾಲಿ ಮಾಡಿ!"

ಇಷ್ಟು ವರ್ಷ ಕಾದು ಸಿಕ್ಕ ತೋಟ, ಹೋಗೇಬಿಡ್ತಲ್ಲಪ್ಪಾ! "ಏನ್ ಹಾಕಿದ್ದೀರಿ ಮಾವ?" ಅಂತ ಹೆಚ್ಚುಕಮ್ಮಿ ಅತ್ತೇಬಿಟ್ಟೆ.

"ಹಸಿಮೆಣಸಿನಕಾಯಿ, ಬಳ್ಳೊಳ್ಳಿ. ನಿನ್ನ ಮಿಕ್ಸಿನ್ಯಾಗೇ ರುಬ್ಬೀನಿ."

ಬರೀ ಮೆಣಸಿನಕಾಯಿ, ಬೆಳ್ಳುಳ್ಳಿ ಅಂತ ಜರ್ಮನ್‌ನಲ್ಲಿ ಹೇಳಿದೆ. ಅಧ್ಯಕ್ಷರು ನಂಬಲಿಲ್ಲ. ಕೆಮ್ಮುತ್ತಲೇ ತಲೆ ಅಲ್ಲಾಡಿಸಿದರು.

"ಏನಂತಾನ ಅಂವ?"

"ವಿಷ ಅಂತಾರೆ ಮಾವ."

ಮಾವನಿಗೆ ರೋಷ ಬಂತು. ನೀರು ಬೆರೆಸದೆ ಉಳಿಸಿದ್ದ ರುಬ್ಬಿದ ಖಾರ ಡಬ್ಬಿಯಲ್ಲಿತ್ತು. ನನ್ನ ಬುತ್ತಿಯಿಂದ ಜೋಳದ ರೊಟ್ಟಿ ತೆಗೆದು, ಮುರಿದು, ಖಾರದಲ್ಲಿ ಅದ್ದಿ ಎಲ್ಲರೆದುರೇ ತಿಂದರು. ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಾವ ನಿಧಾನಕ್ಕೆ ಅಗಿದು, "ಉಪ್ಪು ಕಮ್ಮಿ ಆಗ್ಯದ," ಅಂದರು.

ಅಧ್ಯಕ್ಷರು ಕರ್ತವ್ಯನಿಷ್ಠರು. ತಾವೇ ಪರೀಕ್ಷೆ ಮಾಡಬೇಕು ಅಂತ ಕೈ ಚಾಚಿದರು. ನಾನು ಬೇಡ ಬೇಡ ಅನ್ನೋದರೊಳಗೆ ಮಾವ ಪ್ರೀತಿಯಿಂದ ದೊಡ್ಡ ತುತ್ತೇ ಕೊಟ್ಟುಬಿಟ್ಟರು.

ಆ ಮನುಷ್ಯನ ಮುಖ ಗುಲಾಬಿ ಆಯ್ತು, ಕೆಂಪಾಯ್ತು, ಆಮೇಲೆ ಯಾವ ಬಣ್ಣ ಅಂತ ನನಗೆ ಗೊತ್ತಾಗಲಿಲ್ಲ. ಓಡಿಹೋಗಿ ಗಿಡಕ್ಕೆ ನೀರು ಬಿಡೋ ನಲ್ಲಿಗೆ ಬಾಯಿ ಇಟ್ಟರು. ತೋಟ ಹೋಯ್ತು, ಇನ್ನು ಪೊಲೀಸರೂ ಬರ್ತಾರೆ ಅಂದುಕೊಂಡು ನಾನೂ ಹಿಂದೆಯೇ ಓಡಿದೆ.

ಕೊನೆಗೆ ಅವರು ತಲೆ ಎತ್ತಿದರು. ಕಣ್ಣಲ್ಲಿ ಧಾರಾಕಾರ ನೀರು.

"ವಿಷ ಅಲ್ಲ. ತೋಟ ನಿಮ್ಮದೇ," ಅಂದರು. ಆಮೇಲೆ ಬೀನ್ಸ್ ಕುಡಿಯ ಕಡೆ ನೋಡಿ ಕೈ ಮುಗಿಯೋ ಹಾಗೆ ಕೇಳಿಕೊಂಡರು, "ಆದರೆ ದಯವಿಟ್ಟು ಇದನ್ನ ಆ ಬಡಪಾಯಿ ಹೇನುಗಳಿಗೆ ಮಾತ್ರ ಹೊಡೀಬೇಡಿ."