ಮೂಕಪ್ಪ ಮಾಸ್ತರರು ಸಿಟ್ಟು ನುಂಗಿದ್ದು

ಯಾರಾದರೂ ಇಂಗ್ಲಿಷ್ ಶಬ್ದವನ್ನು ತಪ್ಪಾಗಿ ಉಚ್ಚರಿಸಿದರೆ ಸಾಕು, ಮೂಕಪ್ಪ ಮಾಸ್ತರರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಹಾಗೆ ಏರಿಯೇ ಗದಗಿನಲ್ಲೊಂದು, ಮುಂಡರಗಿಯಲ್ಲೊಂದು ನೌಕರಿ ಕಳೆದುಕೊಂಡಿದ್ದರು. ಕನ್ನಡ ನಾಡು ಒಂದಾದ ವರ್ಷ ಸೊರಟೂರಿನವರು ಹೊಸ ಇಂಗ್ಲಿಷ್ ಶಾಲೆ ತೆರೆದು ಅವರನ್ನು ನೌಕರಿಯ ಮುಲಾಖತ್ತಿಗೆ ಕರೆದರು.

“ಇದನ್ನೂ ಸಿಟ್ಟಿನ್ಯಾಗ ಕಳಕೊಂಡ್ರ ನಾ ತವರಮನಿಗೆ ಹೋಗಾಕಿ,” ಎಂದಳು ಹೆಂಡತಿ ರೇಣುಕವ್ವ. “ನೀವು ಡಿಕ್ಷನರಿ ಕೂಡ ಸಂಸಾರ ಮಾಡ್ರಿ.”

ಮ್ಯಾಟ್ರಿಕ್ ಪಾಸಾಗಿ ಖಾಲಿ ಕುಳಿತಿದ್ದ ಪಕ್ಕದ ಮನೆಯ ರಹಮಾನಸಾಬನನ್ನು ಅವಳೇ ಕಾವಲಿಗೆ ಕಳಿಸಿದಳು. ಮಾಸ್ತರರಿಗೆ ಸಿಟ್ಟು ಬಂದಾಗ ತೋಳು ಚಿವುಟುವುದು ಅವನ ಕೆಲಸ.

ಬಸ್ಸಿನಲ್ಲಿ ಮಾಸ್ತರರು ಅವನಿಗೇ ಪಾಠ ಹಚ್ಚಿದರು.

“ಆನಿಮಸ್ ಅಂದ್ರ ಲ್ಯಾಟಿನ್‌ದಾಗ ಮನಸ್ಸು. ಮ್ಯಾಗ್ನ್ಯಾನಿಮಸ್, ದೊಡ್ಡ ಮನಸ್ಸಿನಾಂವ. ಯುನ್ಯಾನಿಮಸ್, ಎಲ್ಲಾರ ಮನಸ್ಸೂ ಒಂದು. ಪ್ಯೂಸಿಲ್ಯಾನಿಮಸ್, ಪುಕ್ಕಲ. ಈಕ್ವನಿಮಿಟಿ…”

“ಈಕ್ವನಾಮಟಿ.”

“ಲೇ!”

ರಹಮಾನಸಾಬ ಚಿವುಟಿದ. “ಹಂಗಂದ್ರ ಏನ್ರಿ ಮಾಸ್ತರ?”

“ಏನಾದ್ರೂ ಸಿಟ್ಟಾಗಲಾರದ ಸಮಾಧಾನ,” ಎಂದರು ಮಾಸ್ತರರು ಹಲ್ಲು ಕಡಿಯುತ್ತ. ಸೊರಟೂರು ಬರುವಷ್ಟರಲ್ಲಿ ಅವರ ತೋಳು ಬಾತಿತ್ತು, ಅವನ ಉಚ್ಚಾರ ನೆಟ್ಟಗಾಗಿತ್ತು.

ಶಾಲೆಯ ಕಮಿಟಿಯವರೆಲ್ಲ ರೈತರು. ಅಧ್ಯಕ್ಷ ಗವಿಸಿದ್ದಪ್ಪಗೌಡರು ದನದ ಸಂತೆಯಲ್ಲಿ ಎತ್ತು ಆರಿಸುವುದರಲ್ಲಿ ಹೆಸರಾದವರು. ಮಾಸ್ತರರನ್ನು ಒಂದು ಸುತ್ತು ಹಾಕಿ ನೋಡಿ, ಕಾಲು ಮುರಿದ ಕುರ್ಚಿ ಕೊಟ್ಟರು. ಮಾಸ್ತರರು ಬಿದ್ದರು, ಕಮಿಟಿ ನಕ್ಕಿತು. ಮಾಸ್ತರರೂ ನಕ್ಕರು.

“ನಿಮ್ಮಂಥಾ ಮಾಸ್ತರ್ರಿಗೆ ಪಗಾರದ್ದಷ್ಟ ಚಿಂತಿ,” ಎಂದರು ಗೌಡರು. ಮಾಸ್ತರರು ಅದಕ್ಕೂ ತಲೆಯಾಡಿಸಿದರು.

“ಅರ್ಜಿಯೊಳಗ ನಮ್ಮನ್ನ ‘ಮಗ್ನನಿಮೌಸ’ ಅಂದೀರಿ. ಬೈಗುಳೇನ್ರಿ ಅದು?”

“ದೊಡ್ಡ ಮನಸ್ಸಿನವರು ಅಂತ್ರಿ.”

“ಮಗ್ನನಿಮೌಸ. ಬರೋಬ್ಬರಿ ಅಂದೇನಲ್ಲ?”

ಮಾಸ್ತರರು ತಿದ್ದಲು ಬಾಯಿ ತೆರೆದರು. ರೇಣುಕವ್ವ ಕಣ್ಣ ಮುಂದೆ ಬಂದು ನಿಂತಳು.

“ಹಂಗೂ ಅಂತಾರ್ರಿ.”

ಬಾಗಿಲಲ್ಲಿ ನಿಂತಿದ್ದ ರಹಮಾನಸಾಬ ಒಳಗೆ ನುಗ್ಗಿದ.

“ಯಾರಂತಾರ್ರಿ ಹಂಗ? ದಾರಿ ತುಂಬ ನನ್ನ ಜೀವಾ ತಿಂದ್ರಲ್ಲ ಮಾಸ್ತರ! ಗೌಡ್ರ, ಅದು ಮ್ಯಾಗ್ನ್ಯಾನಿಮಸ್! ಗೊತ್ತಿಲ್ಲಂದ್ರ ಬಾಯಿ ಮುಚಗೊಂಡು ಕಲೀರಿ!” ಮೇಜು ಗುದ್ದಿದ ರಭಸಕ್ಕೆ ಮಸಿಕುಡಿಕೆ ಉರುಳಿತು.

ಎಲ್ಲ ಮುಗಿಯಿತೆಂದು ಮಾಸ್ತರರು ಕಣ್ಣು ಮುಚ್ಚಿದರು. ಗೌಡರ ಮುಖ ಮಾತ್ರ ಅರಳಿತು.

“ಬಾಲಾ ತಿರುವಿದ್ರ ಜಿಗೀಬೇಕು, ಅದು ಎತ್ತು! ನಮ್ಮೂರ ಹುಡುಗ್ರು ಉಡಾಳ ಹೋರಿಗೋಳು. ಕೆಡವಿದ್ರೂ ನಗೋ ಮಾಸ್ತರನ್ನ ತಗೊಂಡು ಏನ ಮಾಡೂನು? ನೌಕರಿ ಈ ಸಾಬರಿಗೆ.”

ಕಮಿಟಿಯ ಕೈಗಳೆಲ್ಲ ಮೇಲೆದ್ದವು. ಯುನ್ಯಾನಿಮಸ್.

ಬೆಳಗಿನಿಂದ ನುಂಗಿದ್ದ ಸಿಟ್ಟೆಲ್ಲ ಮಾಸ್ತರರಿಗೆ ಒಮ್ಮೆಲೇ ಉಕ್ಕಿತು. ಕುರ್ಚಿಯನ್ನು ಒದ್ದರು. ಲ್ಯಾಟಿನ್‌ನಿಂದ ಶುರುಮಾಡಿ ಅಚ್ಚ ಕನ್ನಡದವರೆಗೆ ಬೈದರು. ಗೌಡರು ಪೂರ್ತಿ ಕೇಳಿ ನಿಟ್ಟುಸಿರುಬಿಟ್ಟರು.

“ಭಾಳ ಚಲೋ ಜಿಗೀತೀರಿ ಮಾಸ್ತರ. ಆದ್ರ ಎತ್ತು ಕೊಂಡಾತಲ್ರಿ.”

ಸೊರಟೂರು ಶಾಲೆಯ ಹೊಸ ಇಂಗ್ಲಿಷ್ ಮಾಸ್ತರ ರೂಢಿಯಂತೆ ಮೂಕಪ್ಪನವರ ತೋಳು ಚಿವುಟಿದ.